ಭರಮಮ್ಮ ಸೊಸೆಗೆ ಕಾಲೇಜು ನೋಡಿದ್ದು

ಭುವನೇಶ್ವರಿಗೆ ಒಂದು ರೋಗವಿದೆ. ಔಷಧಿ ಅಂಗಡಿ ಇಟ್ಟುಕೊಂಡ ನನಗೇ ಅದಕ್ಕೆ ಮಾತ್ರೆ ಗೊತ್ತಿಲ್ಲ. ಯಾರ ಸುದ್ದಿ ಹೇಳಿದರೂ ಕಣ್ಣರಳಿಸಿಕೊಂಡು "ಆಮ್ಯಾಲೇನಾತು ಅಕ್ಕಾ?" ಎನ್ನುತ್ತಾಳೆ. ನಿನ್ನೆ ಜ್ವರದ ಮಾತ್ರೆ ಒಯ್ದ ಗಿರಾಕಿ ಇವತ್ತು ಸುಮ್ಮನೆ ಬೀದಿಯಲ್ಲಿ ಹೋಗುತ್ತಿದ್ದರೂ ತಡೆದು ನಿಲ್ಲಿಸಿ "ಇಳೀತೇನ್ರಿ?" ಎಂದು ಕೇಳುತ್ತಾಳೆ. ಇದು ನನ್ನ ಅಂಗಡಿಯ ಗಿರಾಕಿ ಕಣೇ, ನಿನಗೇನು ಉಸಾಬರಿ ಎಂದು ನಾನು ಎಷ್ಟು ಸಲ ರೇಗಿದ್ದೇನೋ ಲೆಕ್ಕವಿಲ್ಲ.

ನಾನು ಶೈಲಶ್ರೀ. ಹೊಸಪೇಟೆಗೆ ಅಂಟಿಕೊಂಡ ಚಿತ್ತವಾಡ್ಗಿಯಲ್ಲಿ ನಮ್ಮ ಮಾವನವರ ಕಾಲದಿಂದ ಬಂದ ಮೆಡಿಕಲ್ ಅಂಗಡಿ ನಮ್ಮದು. ಮನೆಯವರು ಮಾಲು ತರುವ ಓಡಾಟ ನೋಡಿಕೊಳ್ಳುತ್ತಾರೆ. ಗಲ್ಲಾ ನನ್ನದು, ಬಾಯಿಯೂ ನನ್ನದು. ಅಂಗಡಿಯ ಪಕ್ಕದ ಓಣಿಯಲ್ಲಿ ಮೂರನೆಯ ಮನೆ ಭುವನೇಶ್ವರಿಯದು. ಅವಳ ಗಂಡ ಹುಲುಗೇಶ್ ಗಣಿಯ ಅದಿರು ಹೇರುವ ಟಿಪ್ಪರ್ ಓಡಿಸುತ್ತಾನೆ. ಅತ್ತೆ ಭರಮಮ್ಮ ಮನೆ ಆಳುತ್ತಾಳೆ. ಗಂಡಹೆಂಡಿರಿಗೆ ಒಬ್ಬಳು ಮಗಳಿದ್ದಾಳೆ, ಹೈಸ್ಕೂಲು. ಭುವನೇಶ್ವರಿ ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಬೆಳಿಗ್ಗೆ ಎದ್ದು ವಾರ್ಡುಗಳಲ್ಲಿ ತಿರುಗಿ ರಕ್ತ ತೆಗೆಯುವುದು, ಆಮೇಲೆ ಮೆಷಿನ್ ಮುಂದೆ ಕೂರುವುದು. ಮದುವೆಯಾದ ಮೇಲೆ ಹುಲುಗೇಶನ ಸೋದರಮಾವ ಯಾರೋ ಸೀಟು ಕೊಡಿಸಿದರೆಂದು ಆ ಕೋರ್ಸ್ ಮಾಡಿದ್ದಳು. ಕೈ ಭಾಳ ಹಗುರ. ಅಳುವ ಮಕ್ಕಳು ಅವಳ ಸೂಜಿಗೆ ಅಳು ನಿಲ್ಲಿಸುತ್ತವೆ.

ಹೋದ ವರ್ಷ ಡೆಂಗಿ ಹಬ್ಬಿದ್ದಾಗ ಕಂಪ್ಲಿಯ ಪಾಲಯ್ಯ ಎಂಬ ಹಮಾಲಿಯನ್ನು ಅವಳ ಆಸ್ಪತ್ರೆಗೆ ತಂದಿದ್ದರು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಆಳು, ಹಾಸಿಗೆಯ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದಿದ್ದನಂತೆ. ದಿನಾ ಅವನ ರಕ್ತ ತೆಗೆದು ಪ್ಲೇಟ್‌ಲೆಟ್ ಎಣಿಕೆ ನೋಡುವವಳು ಇವಳೇ. ಒಂದು ಬೆಳಿಗ್ಗೆ ಹೋದರೆ ಮಂಚ ಖಾಲಿ, ಚಾದರ ಹೊಸದು. ನರ್ಸುಗಳ ಡ್ಯೂಟಿ ಬದಲಾಗಿತ್ತು, ಕೇಳಿದರೆ ಯಾರಿಗೂ ಗೊತ್ತಿಲ್ಲ. ಮನೆಗೆ ಹೋದನೋ, ಮೇಲಕ್ಕೇ ಹೋದನೋ? ಎಲ್ಲರೂ ಮರೆತುಬಿಡುವ ವಿಷಯ. ಇವಳು ರಜೆಯ ದಿನ ಕಂಪ್ಲಿ ಬಸ್ಸು ಹತ್ತಿದಳು!

ಗಿರಣಿ ಗಿರಣಿಗೆ ಹೋಗಿ ವಿಚಾರಿಸಿದ್ದಾಳೆ. ಕಡೆಗೆ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಗೂಡಂಗಡಿಯಲ್ಲಿ ಪಾಲಯ್ಯ ಒಗ್ಗರಣಿ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಗಟ್ಟಿಮುಟ್ಟಾಗಿ ಕೂತಿದ್ದನಂತೆ. ಇವಳಿಗೆ ಸಂತೋಷವೋ ಸಂತೋಷ. ಅವನಿಗೆ ಮಾತ್ರ ಇವಳ ಗುರುತೇ ಸಿಗಲಿಲ್ಲ. "ದಿನಾ ರಕ್ತ ತಗೀತಿದ್ನೆಲ್ಲ, ನಾನ್ರಿ" ಎಂದರೆ ತಲೆ ಕೆರೆದುಕೊಂಡು ಹೇಳಿದನಂತೆ: "ಸೂಜಿ ಚುಚ್ಚಿದ್ದು ನೆನಪೈತಿ ತಂಗಿ. ಯಾರು ಚುಚ್ಚಿದ್ರೋ ಗೊತ್ತಿಲ್ಲ. ಒಬ್ಬ ಸಿಸ್ಟರಮ್ಮ ರಾತ್ರಿಯೆಲ್ಲಾ ತಲಿ ಎತ್ತಿ ನೀರು ಕುಡಿಸ್ಯಾಳ. ಅಕಿ ಮುಖ ಸಾಯೋ ತನಕ ಮರಿಯಾಂಗಿಲ್ಲ."

ಇದನ್ನು ನನಗೆ ಹೇಳುವಾಗ ಭುವನೇಶ್ವರಿ ನಗುತ್ತಿದ್ದಳು, ಆದರೆ ಆ ನಗು ಸರಿ ಇರಲಿಲ್ಲ. ಸ್ವಲ್ಪ ಹೊತ್ತು ಕೌಂಟರಿನ ಗಾಜನ್ನು ಉಗುರಿನಿಂದ ಕೆರೆದು, "ಅಕ್ಕಾ, ನಾನು ನರ್ಸಿಂಗ್ ಕಲಿತೀನಿ" ಎಂದಳು.

ನನಗೆ ಮೈಯೆಲ್ಲ ಉರಿಯಿತು. "ತಲಿ ಕೆಟ್ಟೈತೇನು ನಿನಗ? ಕುಂತು ಮಾಡೋ ಕೆಲಸ ಬಿಟ್ಟು ನಿಂತು ಮಾಡೋ ಕೆಲಸಕ್ಕೆ ಹೊಂಟಿ? ಅದೂ ಈ ವಯಸ್ಸಿನಾಗ?"

"ವಯಸ್ಸಿಗೇ ಹೇಳಾಕತ್ತೀನಿ. ಮೂವತ್ತೈದು ದಾಟಿದ್ರ ಸೇರಿಸ್ಕೊಳ್ಳಂಗಿಲ್ಲ. ನನಗ ಇದೊಂದ ವರ್ಷ ಐತಿ."

ಅಲ್ಲಿಗೆ ವಿಷಯ ಇಷ್ಟು. ಮೂರು ವರ್ಷದ ಕೋರ್ಸ್, ಸೇರಿದರೆ ಈ ವರ್ಷ, ಇಲ್ಲದಿದ್ದರೆ ಎಂದಿಗೂ ಇಲ್ಲ. ತಪ್ಪು ಕಾಲೇಜಿಗೆ ಸೇರಿದರೆ ಬಿಟ್ಟು ಇನ್ನೊಂದಕ್ಕೆ ಹೋಗುವ ಹಾಗೂ ಇಲ್ಲ. ಹುಲುಗೇಶನ ಪಟ್ಟು ಒಂದೇ ಆಗಿತ್ತು. ಕಲಿಯುವುದಾದರೆ ಕಲಿ, ಆದರೆ ಹೊಸಪೇಟೆಯಲ್ಲೇ ಕಲಿ. ಬೈಪಾಸ್ ಕಡೆ ಹೊಸದಾಗಿ ಗಾಜಿನ ಕಟ್ಟಡದ ಕಾಲೇಜೊಂದು ಎದ್ದಿತ್ತು. ಆಟೋದಲ್ಲಿ ಹೋಗಿ ಆಟೋದಲ್ಲಿ ಬಂದರೆ ಆಯಿತು. ನಾನೂ ಅದೇ ಸರಿ ಎಂದೆ. ಸತ್ಯ ಹೇಳಬೇಕೆಂದರೆ ಸಂಜೆ ಹೊತ್ತು ಅವಳು ಅಂಗಡಿಗೆ ಬಂದು "ಆಮ್ಯಾಲೇನಾತು" ಎನ್ನದಿದ್ದರೆ ನನಗೂ ಹೊತ್ತು ಹೋಗುವುದಿಲ್ಲ.

ಆಗ ನಡುವೆ ಬಾಯಿ ಹಾಕಿದವಳು ಭರಮಮ್ಮ. ಅವರ ಮನೆಯಲ್ಲಿ ಹೆಣ್ಣು ಕೊಡುವಾಗ ಮೊದಲು ಹೋಗಿ "ಮನಿ ನೋಡೂದು" ಎಂಬ ಪದ್ಧತಿ ಬಹಳ ಕಟ್ಟುನಿಟ್ಟು. ಹೇಳದೆ ಕೇಳದೆ ಹೋಗಬೇಕು. ಮೊದಲು ನೆರೆಯವರನ್ನು ವಿಚಾರಿಸಬೇಕು. ಮುಂಬಾಗಿಲಿನಿಂದ ಹೊಕ್ಕವರು ಹಿತ್ತಲು ನೋಡದೆ ಬರಬಾರದು. ಮನೆಯ ಯಜಮಾನನ ಮಾತಿಗಿಂತ ಆ ಮನೆಯ ಸೊಸೆಯ ಮುಖ ನೋಡಬೇಕು.

"ಮೂರು ವರ್ಷ ಕೊಡೂದು ಅಂದ್ರ ಹೆಣ್ಣು ಕೊಟ್ಟಂಗ ಅಲ್ಲೇನು?" ಎಂದಳು ಭರಮಮ್ಮ. "ಗಾಜಿನ ಮನಿ ಐತಿ ಅಂತ ಕೊಟ್ಟುಬಿಡ್ತೀರೇನು? ನಾನು ನೋಡಬೇಕು. ಶೈಲಮ್ಮ, ನೀವೂ ಬರ್ರಿ. ನನಗ ಇಂಗ್ಲಿಷ್ ಬೋರ್ಡ್ ಓದಾಕ ಬರೂದಿಲ್ಲ."

ಬೇಸಿಗೆ ರಜೆ, ಗಿರಾಕಿಗಳು ಕಡಿಮೆ. ಮನೆಯವರನ್ನು ಗಲ್ಲಾದಲ್ಲಿ ಕೂರಿಸಿ ನಾನೂ ಹೊರಟೆ. ಬೈಯುತ್ತಲೇ ಹೊರಟೆ ಅನ್ನಿ.

ಮೊದಲು ಹೋದದ್ದು ಹಂಪಿಗೆ. ಅಲ್ಲಿ ಯಾವ ಕಾಲೇಜು ಎಂದು ಕೇಳಬೇಡಿ, ಕಾಲೇಜಿಲ್ಲ, ಕಾಲೇಜಿನ ದಲ್ಲಾಳಿ ಇದ್ದ. ಮರಿಸ್ವಾಮಿ ಎಂಬ ಗೈಡು. ಬಿಸಿಲು ಹತ್ತಿ ಟೂರಿಸ್ಟ್‌ಗಳು ಬಾರದ ತಿಂಗಳುಗಳಲ್ಲಿ ಅವನು ಕಾಲೇಜುಗಳಿಗೆ ಹುಡುಗರನ್ನು ಹಿಡಿದುಕೊಡುತ್ತಾನೆ. ಹಂಪಿ ಬಜಾರಿನ ಒಂದು ಕಲ್ಲು ಮಂಟಪದ ನೆರಳಲ್ಲಿ ಕೂರಿಸಿ, ಫೋನಿನಲ್ಲಿ ಕಟ್ಟಡದ ಫೋಟೋ ತೋರಿಸುತ್ತಾ, ಕೃಷ್ಣದೇವರಾಯನ ಆನೆಸಾಲಿನ ಬಗ್ಗೆ ಹೇಳುವ ದನಿಯಲ್ಲೇ ವರ್ಣಿಸಿದ. ಕಂಪ್ಲಿ ದಾಟಿ ಎಲ್ಲೋ ಒಂದು ಕಡೆ ಇದೆಯಂತೆ, ಹೆಸರು ನಾನು ಹೇಳುವುದಿಲ್ಲ.

"ಮೇಡಂ, ನಿಮ್ಮಂಥ ಕೆಲಸದಾಗ ಇರೋರಿಗೇ ಮಾಡಿಸಿದ್ದು ಇದು. ಮಸ್ತ್ ಐತಿ. ದಿನಾ ಬರೋ ತಕರಾರೇ ಇಲ್ಲ. ಪರೀಕ್ಷೆಗೆ ಬಂದ್ರ ಸಾಕು, ಹಾಜರಿ ಎಲ್ಲಾ ಅವರ ನೋಡ್ಕೊಂತಾರ."

ಭುವನೇಶ್ವರಿ ಮುಂದಕ್ಕೆ ಬಾಗಿ ಕೇಳಿದಳು: "ಹಂಗಾದ್ರ ಪೇಷಂಟ್ ನೋಡೂದು ಯಾವಾಗ್ರಿ?"

ಮರಿಸ್ವಾಮಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಪಾಸಾದ ಮ್ಯಾಲೆ ನೋಡೂದು ಇದ್ದೇ ಐತೆಲ್ಲ" ಎಂದ.

ಭರಮಮ್ಮ ಸೆರಗು ಕೊಡವಿಕೊಂಡು ಎದ್ದಳು. "ಗಂಡ ಬರೂದಿಲ್ಲ, ಬರೇ ತಾಳಿ ಕಳಿಸ್ತಾನ ಅಂದಂಗಾತು. ನಡೀರಿ."

ನನಗೆ ನಗು ತಡೆಯಲಾಗಲಿಲ್ಲ. ಮಂಟಪದ ಮೆಟ್ಟಿಲಿಳಿಯುತ್ತಾ ಇನ್ನೇನು ಬೀಳುತ್ತಿದ್ದೆ.

ಮರುದಿನ ಗಾಜಿನ ಕಾಲೇಜು. ಭರಮಮ್ಮ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದುಟ್ಟಿದ್ದಳು. ಹಣೆ ತುಂಬ ಕುಂಕುಮ, ಮುಡಿ ತುಂಬ ಕನಕಾಂಬರ. ಕೈಯಲ್ಲಿ ಒಂದು ಚೀಲ. ಮನೆ ನೋಡಲು ಹೋಗುವಾಗ ಹೀಗೇ ಹೋಗಬೇಕಂತೆ, ನಮ್ಮಿಬ್ಬರಿಗೂ ಹಾಗೇ ಉಡಿಸಿದ್ದಳು. ಮೂವರು ಹೆಂಗಸರು ಹಾಗೆ ಸಿಂಗರಿಸಿಕೊಂಡು ಹೆಣ್ಣುಮಕ್ಕಳ ಹಾಸ್ಟೆಲ್ ಹಿಂದುಗಡೆಯಿಂದ ಇಣುಕುತ್ತಾ ಬಂದರೆ ನೋಡಿದವರು ಏನೆಂದುಕೊಳ್ಳಬೇಕು? ವಾರ್ಡನ್ ಎದುರಾದಳು. ನಮ್ಮನ್ನು ಮೇಲಿಂದ ಕೆಳಗೆ ನೋಡಿ ಮುಖ ಅರಳಿಸಿ, "ಹುಡುಗಿ ನೋಡಾಕ ಬಂದಿರೇನ್ರಿ?" ಎಂದಳು.

ಅಲ್ಲ ಎನ್ನಲು ನಾನು ಬಾಯಿ ತೆಗೆಯುವಷ್ಟರಲ್ಲಿ ಭರಮಮ್ಮ ನನ್ನ ತೊಡೆ ಚಿವುಟಿ, "ಹೌದ್ರಿ ಯವ್ವಾ. ಚಲೋ ಹುಡುಗಿ ಇದ್ರ ತೋರಿಸ್ರಿ" ಎಂದುಬಿಟ್ಟಳು.

ಅಯ್ಯೋ ಶಿವನೇ! ವಾರ್ಡನ್‌ಗೆ ಎಲ್ಲಿಲ್ಲದ ಉತ್ಸಾಹ. ಮೂರನೇ ವರ್ಷದ ಒಬ್ಬ ಹುಡುಗಿ ಅವಳ ದೂರದ ನೆಂಟಳಂತೆ. ಓಡಿಹೋಗಿ ಅವಳ ತಲೆ ಬಾಚಿಸಿ ಕರೆದುಕೊಂಡು ಬಂದಳು. ಪಾಪ, ಲಕ್ಷಣವಾದ ಹುಡುಗಿ, ನೆಲ ನೋಡುತ್ತಾ ನಿಂತಿತ್ತು.

"ಏನೇನು ಕೆಲಸ ಬರ್ತೈತೆವ್ವಾ?" ಭರಮಮ್ಮ ಕೇಳಿದಳು.

"ಅಡುಗಿ ಬರ್ತೈತ್ರಿ. ರಂಗೋಲಿ ಬರ್ತೈತಿ."

"ಮೂರು ವರ್ಷ ನರ್ಸಿಂಗ್ ಕಲ್ತಿಯಲ್ಲ, ಅದು?"

"ಲ್ಯಾಬಿನಾಗ ಬೊಂಬಿ ಐತ್ರಿ. ಬೊಂಬಿಗೆ ಇಂಜೆಕ್ಷನ್ ಎಲ್ಲಾ ಮಾಡ್ತೀನಿ."

ಇಲ್ಲಿ ಭುವನೇಶ್ವರಿಯ ರೋಗ ಎದ್ದಿತು. "ಆಸ್ಪತ್ರಿಗೆ ಹೋಗಂಗಿಲ್ಲೇನು ತಂಗಿ? ರೋಗಿಗಳನ್ನ ಮುಟ್ಟಿಲ್ಲೇನು?"

ಹುಡುಗಿ ಗಾಬರಿಯಾಗಿ ತಲೆಯೆತ್ತಿದಳು. ಗಂಡಿನ ಕಡೆಯವರು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡಿರಬೇಕು. "ಇಲ್ರಿ ಅಕ್ಕಾ, ಖರೇನ ಇಲ್ರಿ. ಬಸ್ಸಿನಾಗ ಕರ್ಕೊಂಡು ಹೋಗ್ತಾರ, ಸಹಿ ಹಾಕಿ ಬರ್ತೀವಿ ಅಷ್ಟ. ಹೊಲಸು ಕೆಲಸ ಏನೂ ನನ್ನ ಕೈಲೆ ಮಾಡ್ಸಿಲ್ರಿ. ಯಾರ ಮೈನೂ ಮುಟ್ಟಿಲ್ಲ. ನೀವು ಹಂಗೇನೂ ತಿಳ್ಕೋಬ್ಯಾಡ್ರಿ."

ವಾರ್ಡನ್ ಹೆಮ್ಮೆಯಿಂದ ತಲೆ ಆಡಿಸಿದಳು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪ್ರಿನ್ಸಿಪಾಲರನ್ನು ಕೇಳಿದ್ದರೆ ಈ ಮಾತು ಜನ್ಮದಲ್ಲಿ ಹೊರಬೀಳುತ್ತಿರಲಿಲ್ಲ. ಭರಮಮ್ಮ ಹುಡುಗಿಯ ಗಲ್ಲ ಸವರಿ, ಚೀಲದಿಂದ ಒಂದು ಮೊಳ ಹೂವು ತೆಗೆದು ಅವಳಿಗೇ ಮುಡಿಸಿ, "ನಿನ್ನ ತಪ್ಪೇನಿಲ್ಲ ಮಗಳ" ಎಂದಳು. ಹುಡುಗಿಗೆ ಏನೂ ಅರ್ಥವಾಗಲಿಲ್ಲ.

ಹೊರಗೆ ಬಂದಮೇಲೆ ನಾನು ಬಾಯಿಗೆ ಬಂದಂತೆ ಬೈದೆ. ಹೆಣ್ಣುಮಗುವಿಗೆ ಆಸೆ ಹುಟ್ಟಿಸಿ ಬರುವುದೇನು ಧರ್ಮ? ಭರಮಮ್ಮ ನನ್ನಷ್ಟೇ ಜೋರಾಗಿ, "ಮ್ಯಾಲೆ ಥಳಕು, ಒಳಗ ಹುಳುಕು. ಆ ಹುಡುಗಿಗೆ ಮೂರು ವರ್ಷ ಮೋಸ ಮಾಡಿದವರು ನಾನಲ್ಲ, ಅವರು" ಎಂದಳು. ಆದರೂ ಹತ್ತಿರ ಎಂಬ ಒಂದು ಗುಣ ಅದಕ್ಕಿತ್ತಲ್ಲ ಎಂದು ಆಟೋದಲ್ಲಿ ಗೊಣಗಿದೆ.

ಭುವನೇಶ್ವರಿ ಮನೆ ಹತ್ತಿರ ಬಂದಾಗ, "ಆ ಹುಡುಗಿ ನಾಳೆ ವಾರ್ಡಿನಾಗ ನಿಂತಾಗ ಏನು ಮಾಡ್ತಾಳೋ" ಎಂದಳು.

ಭುವನೇಶ್ವರಿ ಕೇಳಿ ತಿಳಿದಿದ್ದ ಮೂರರಲ್ಲಿ ಉಳಿದದ್ದು ಸಂಡೂರಿನ ನರ್ಸಿಂಗ್ ಸ್ಕೂಲು. ಹುಲುಗೇಶ್ ದಿನಾ ಅದಿರು ಹೇರಲು ಹೋಗುವ ಊರೇ ಅದು. "ದೂರದ ಗುಡ್ಡ ಕಣ್ಣಿಗೆ ನುಣ್ಣಗ. ಆ ಘಾಟಿನಾಗ ಲಾರಿ ಹಿಂದ ಬಸ್ಸು ನಿಂತ್ರ ಒಂದು ತಾಸು. ಹೋಗಿ ಬಂದು ಮಾಡಾಕ ಆಗೂದಿಲ್ಲ" ಎಂದು ಅವನು ಮೊದಲೇ ಎಚ್ಚರಿಸಿದ್ದ. ಅವನ ಮಾತು ಸುಳ್ಳಾಗಲಿಲ್ಲ. ಘಾಟಿಯಲ್ಲಿ ಬಸ್ಸು ನಿಂತೇ ನಿಂತಿತು. ಕೆಂಪು ಧೂಳು ಕಿಟಕಿಯಿಂದ ನುಗ್ಗಿ ಭರಮಮ್ಮನ ಇಳಕಲ್ ಸೀರೆಯ ಅಂಚಿಗೂ ಒಡಲಿಗೂ ಒಂದೇ ಬಣ್ಣ ಬಂತು.

ಸ್ಕೂಲು ಸಣ್ಣದು. ಹಳೆಯ ಹೆಂಚಿನ ಕಟ್ಟಡ, ಅದಕ್ಕೆ ಅಂಟಿಕೊಂಡೇ ಆಸ್ಪತ್ರೆ. ಪದ್ಧತಿಯಂತೆ ಭರಮಮ್ಮ ಮೊದಲು ಗೇಟಿನ ಎದುರು ಬಾಳೆಹಣ್ಣು ಮಾರುವವಳನ್ನು ವಿಚಾರಿಸಿದಳು. "ಆ ಹುಡುಗ್ಯಾರು ಹಣ್ಣು ತಗೊಳ್ಳಾಕೂ ಓಡಿ ಬರ್ತಾವ, ಓಡಿ ಹೋಗ್ತಾವ. ಕುಂತು ಮಾತಾಡಿದ್ದು ನಾ ಕಂಡಿಲ್ಲ" ಎಂದಳವಳು. ಹಿತ್ತಲು ನೋಡಿದೆವು. ಹಗ್ಗದ ತುಂಬ ಒಗೆದ ಯೂನಿಫಾರ್ಮುಗಳು, ಅವುಗಳ ಮುಂದಿನ ಭಾಗದಲ್ಲಿ ಹೋಗದ ಕಲೆಗಳು. ಭರಮಮ್ಮ ಒಂದೊಂದನ್ನೂ ಹಿಡಿದು ನೋಡಿ, "ಇವು ದುಡಿಯೋರ ಬಟ್ಟಿ" ಎಂದಳು.

ಬಾಗಿಲು ಕಾಯುವ ಆಯಾ ಕೂಡ ನಮ್ಮ ವೇಷ ನೋಡಿ ಅದೇ ಪ್ರಶ್ನೆ ಕೇಳಿದಳು. ಭರಮಮ್ಮ ಅದೇ ಉತ್ತರ ಕೊಟ್ಟಳು. ನಾನು ಹಣೆ ಚಚ್ಚಿಕೊಂಡೆ. ಆಯಾ ಒಳಗೆ ಹೋಗಿ ಬಂದು, "ಸ್ಫೂರ್ತಿ ಅಂತ ಒಬ್ಬಾಕಿ ಅದಾಳ್ರಿ, ಆದ್ರ ವಾರ್ಡ್ ಬಿಟ್ಟು ಬರಂಗಿಲ್ಲಂತ. ನೋಡೂದಿದ್ರ ಅವರ ಬರಲಿ ಅಂದ್ಲು" ಎಂದಳು.

ನಾವೇ ಹೋದೆವು. ಉದ್ದನೆಯ ವಾರ್ಡು. ಆ ಹುಡುಗಿ ಎರಡನೇ ವರ್ಷದವಳು, ಕೋಲಿನಂತೆ ತೆಳ್ಳಗಿದ್ದಳು. ಸೊಂಟ ಮುರಿದು ಮಲಗಿದ ಒಬ್ಬ ಮುದುಕಿಯ ಬೆನ್ನು ಒರೆಸುತ್ತಿದ್ದಳು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಎದುರು ನಿಂತಿದ್ದವಳು ಭುವನೇಶ್ವರಿ. ಅವಳಿಗೇ ಅಪ್ಪಣೆಯಾಯಿತು.

"ಅಕ್ಕಾ, ಸುಮ್ಮನ ನಿಲ್ಲಬ್ಯಾಡ್ರಿ. ಕೈ ತೊಳ್ಕೊಂಡು ಬರ್ರಿ. ಅಜ್ಜಿನ ಈ ಕಡಿ ಹಿಡೀರಿ, ನಾನು ಬೆನ್ನಿಗೆ ಪೌಡರ್ ಹಾಕ್ತೀನಿ. ಭುಜದ ಹತ್ರ ಅಲ್ಲ, ಸೊಂಟದ ಕೆಳಗೂ ಒಂದು ಕೈ ಇರ್ಲಿ."

ಭುವನೇಶ್ವರಿ ಹಿಡಿದಳು. ಇಷ್ಟು ವರ್ಷ ಆಸ್ಪತ್ರೆಯಲ್ಲಿ ದುಡಿದವಳು, ಜನರ ಮೊಣಕೈ ಒಳಭಾಗ ಬಿಟ್ಟು ಬೇರೆ ಏನನ್ನೂ ಮುಟ್ಟಿದವಳಲ್ಲ. ಅಜ್ಜಿಯ ಇಡೀ ಭಾರ ಅವಳ ಎದೆಗೆ ಒರಗಿತು. ಅಜ್ಜಿ ನೋವಿಗೆ ಅವಳ ರಟ್ಟೆ ಕಚ್ಚಿಹಿಡಿದಂತೆ ಹಿಡಿದು, "ಯಾರವ್ವಾ ನೀನು?" ಎಂದಳು.

"ಭುವನೇಶ್ವರಿ ಅಂತಾರಜ್ಜಿ."

"ಬಿಡಬ್ಯಾಡವ್ವಾ, ಹಿಡ್ಕೋ."

"ಬಿಡಂಗಿಲ್ಲ."

ಪೌಡರ್ ಹಾಕಿ ಮುಗಿಸಿ, ಅಜ್ಜಿಯನ್ನು ಮಗ್ಗುಲಿಗೆ ಮಲಗಿಸುವವರೆಗೆ ಅವಳು ಅಲುಗಾಡಲಿಲ್ಲ. ಆಮೇಲೆ ಶುರುವಾಯಿತು ನೋಡಿ ಪ್ರಶ್ನೆಗಳು. ಯಾವಾಗ ಬಿದ್ದರು? ಮನೆಯಲ್ಲಿ ಯಾರಿದ್ದಾರೆ? ಪಕ್ಕದ ಮಂಚದವರಿಗೆ ಏನಾಗಿತ್ತು? ಮನೆಗೆ ಹೋದಮೇಲೆ ನಡೆಯುತ್ತಾರಾ? ಸ್ಫೂರ್ತಿ ಒಂದಕ್ಕೂ ತಡವರಿಸಲಿಲ್ಲ. ಹೋದ ವಾರ ಮನೆಗೆ ಕಳಿಸಿದವರ ಸುದ್ದಿಯೂ ಅವಳಿಗೆ ಗೊತ್ತು. ಮನೆಗೆ ಹೋದವರನ್ನು ಊರಿಗೆ ಹೋಗಿ ನೋಡಿ ಬರುವುದೂ ಅಲ್ಲಿ ಪಾಠವಂತೆ. ಅದನ್ನು ಕೇಳಿದಾಗ ಭುವನೇಶ್ವರಿಯ ಮುಖ ನೋಡಬೇಕಿತ್ತು. ಜಾತ್ರೆಯಲ್ಲಿ ಕಳೆದ ಮಗು ಅವ್ವನನ್ನು ಕಂಡಾಗ ಆಗುವ ಮುಖ ಅದು.

ಕೈ ಒರೆಸಿಕೊಂಡ ಸ್ಫೂರ್ತಿ ಭರಮಮ್ಮನ ಕಡೆ ತಿರುಗಿದಳು. "ನೋಡಿದ್ರಲ್ಲ ಅಮ್ಮಾರೆ? ನಿಮಗ ಒಪ್ಪಿಗಿ ಆದ್ರೂ ಅಷ್ಟ, ಬಿಟ್ರೂ ಅಷ್ಟ. ನನಗಂತೂ ಈಗ ಮದುವಿ ಬ್ಯಾಡ್ರಿ. ಗಂಡಿಗೆ ಹಂಗ ಹೇಳ್ರಿ."

ನಾನು ಜೋರಾಗಿ ನಕ್ಕೆ. ನಗು ಕೇಳಿ ಪ್ರಿನ್ಸಿಪಾಲರು ಬಂದರು. ಎರ್ರೆಮ್ಮ ಮೇಡಂ, ಕುಳ್ಳನೆಯ ದೇಹ, ಕಂಚಿನ ಗಂಟೆಯಂಥ ಕಂಠ. ವಿಷಯ ತಿಳಿದು ಮೊದಲು ಸಿಡಿಮಿಡಿಗೊಂಡರು, ಆಮೇಲೆ ಅವರಿಗೂ ನಗು ಬಂತು. ಆದರೆ ಭುವನೇಶ್ವರಿ "ನನಗ ಇಲ್ಲಿ ಸೀಟು ಬೇಕ್ರಿ" ಎಂದಾಗ ನಗು ನಿಂತಿತು.

"ನೋಡಮ್ಮಾ, ನಿನ್ನಂಥೋರು ಮೊದಲೂ ಬಂದಾರ. ಮದುವಿಯಾದೋರು, ಮಕ್ಕಳಿರೋರು, ಭಾಳ ಆಸೆಯಿಂದ. ಆರು ತಿಂಗಳಾಗೂದ್ರಾಗ ಮನಿಯಿಂದ ಫೋನು. ಮಗೀಗೆ ಜ್ವರ, ಗಂಡಗ ಸಿಟ್ಟು. ಬಿಟ್ಟು ಹೋದ್ರು. ಆ ಸೀಟು ಮೂರು ವರ್ಷ ಖಾಲಿ ಉಳೀತು. ಮೊದಲ ವರ್ಷ ಹಾಸ್ಟೆಲ್‌ನಾಗ ಇರಲೇಬೇಕು ಇಲ್ಲಿ. ಉಳಿದಿರೋದು ಒಂದ ಸೀಟು. ನಿನಗ ಕೊಟ್ರ ನೀ ಉಳೀತಿ ಅಂತ ನನಗ ಹೆಂಗ ಗೊತ್ತಾಗಬೇಕು?"

ಅಷ್ಟು ಪ್ರಶ್ನೆ ಕೇಳುವ ಭುವನೇಶ್ವರಿಗೆ ಉತ್ತರ ಹೇಳುವುದು ಬರುವುದಿಲ್ಲ ಎಂದು ನನಗೆ ಅವತ್ತು ತಿಳಿಯಿತು. ಉತ್ತರ ಕೊಟ್ಟವಳು ಭರಮಮ್ಮ.

"ನಾವು ನಿಮ್ಮ ಮನಿ ನೋಡಿದ್ವಿ. ನೀವು ನಮ್ಮ ಮನಿ ನೋಡಾಕ ಬರ್ರಿ. ಹೇಳದಂಗ ಬರ್ರಿ."

ಆ ವಾರವೆಲ್ಲ ಅವರ ಮನೆಯಲ್ಲಿ ಬೆಂಕಿ. ಹುಲುಗೇಶ್ ಕೂಗಾಡುವ ಗಂಡಸಲ್ಲ, ಮಾತು ನಿಲ್ಲಿಸುವ ಗಂಡಸು. ಅದು ಇನ್ನೂ ಕಷ್ಟ. ಟಿಪ್ಪರ್ ನಿಲ್ಲಿಸಿ ಬರುತ್ತಿದ್ದ, ಉಣ್ಣುತ್ತಿದ್ದ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಭುವನೇಶ್ವರಿ ನನ್ನ ಅಂಗಡಿಗೆ ಬಂದು ಸುಮ್ಮನೆ ನಿಲ್ಲುತ್ತಿದ್ದಳು. ಆ ಗಾಜಿನ ಕಾಲೇಜೇ ಸಾಕು ಬಿಡು, ಬೊಂಬೆಯ ಮೇಲೆ ಕಲಿತು ಆಮೇಲೆ ಮನುಷ್ಯರ ಮೇಲೆ ಕಲಿ ಎಂದು ನಾನು ರಾಜಿಯ ಮಾತಾಡಿದೆ. "ಅಕ್ಕಾ, ಆ ಅಜ್ಜಿ ನನ್ನ ಹೆಸರು ಕೇಳಿದ್ಲು" ಎಂದಳು. ಅಷ್ಟೇ. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅವಳನ್ನು ಕಂಡು ಸಂಕಟವೂ ಆಯಿತು.

ಅವತ್ತು ಸಂಜೆ ಅಂಗಡಿಯ ಮುಂದೆ ಆಟೋ ನಿಂತು ಎರ್ರೆಮ್ಮ ಮೇಡಂ ಇಳಿದರು. ನನ್ನ ಕೈಯಲ್ಲಿದ್ದ ಕೆಮ್ಮಿನ ಔಷಧಿ ಬಾಟಲಿ ಜಾರಿ ಬೀಳುವುದರಲ್ಲಿತ್ತು.

"ಮೊದಲು ನೆರೆಯವರನ್ನ ಕೇಳಬೇಕಲ್ಲ, ನಿಮ್ಮ ಪದ್ಧತಿ?" ಎಂದು ಸ್ಟೂಲಿನ ಮೇಲೆ ಕೂತರು. "ಹೇಳ್ರಿ, ಹೆಂಥಾ ಹೆಣ್ಮಗಳು?"

ಹೊಗಳಬೇಕೆಂದುಕೊಂಡೆ. ನನ್ನ ಬಾಯಿ ನನ್ನ ಮಾತು ಎಲ್ಲಿ ಕೇಳುತ್ತದೆ? "ಭಾಳ ಹಟಮಾರಿ ಅದಾಳ್ರಿ. ಇನ್ನೊಬ್ಬರ ವಿಷಯದಾಗ ಮೂಗು ತೂರಿಸ್ತಾಳ. ನನ್ನ ಗಿರಾಕಿ ಹೆಂಗದಾರ ಅಂತ ನನಗ ಗೊತ್ತಿರೂದಿಲ್ಲ, ಅಕಿಗೆ ಗೊತ್ತಿರ್ತೈತಿ. ಅಕಿ ನಮ್ಮ ಓಣಿ ಬಿಟ್ಟು ಹೋಗೂದು ನನಗ ಒಂಚೂರೂ ಇಷ್ಟ ಇಲ್ಲ" ಎಂದೆ. ಮೇಡಂ ಎದ್ದು, ಮನೆ ಯಾವುದು ಎಂದು ಕೇಳಿದರು.

ನಾನೇ ಕರೆದುಕೊಂಡು ಹೋದೆ. ಭರಮಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಭುವನೇಶ್ವರಿ ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದವಳು ಎದ್ದು ನಿಂತು ಗೋಡೆಗೆ ಒರಗಿದಳು. ಹುಲುಗೇಶ್ ಆಗಷ್ಟೇ ಸ್ನಾನ ಮಾಡಿ ಬಂದಿದ್ದ. ಎಷ್ಟು ತೊಳೆದರೂ ಹೋಗದ ಕೆಂಪು ಧೂಳು ಅವನ ಕಿವಿಯ ಹಿಂದೆ ಉಳಿದಿತ್ತು. ಮೇಡಂ ಹಿತ್ತಲು ನೋಡಲಿಲ್ಲ, ಅಡುಗೆಮನೆ ನೋಡಲಿಲ್ಲ. ನೇರವಾಗಿ ಅವನ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

"ಮೂರು ವರ್ಷ. ಮೊದಲ ವರ್ಷ ಐತವಾರ ಅಷ್ಟ ಮನಿಗೆ. ನಿಮಗ ಮನಸ್ಸೈತೇನ್ರಿ?"

ಹೂಂ ಅನ್ನು, ಸುಳ್ಳಾದರೂ ಹೂಂ ಅನ್ನು ಮಾರಾಯ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

"ಇಲ್ರಿ" ಎಂದ ಹುಲುಗೇಶ್. "ಸುಳ್ಳು ಯಾಕ ಹೇಳ್ಲಿ? ಕಲೀಲಿ ಅಂತ ಐತಿ, ದೂರ ಕಳಿಸಾಕ ಮನಸ್ಸಿಲ್ಲ. ದಿನಾ ಆ ಗುಡ್ಡದ ರಸ್ತೆದಾಗ ಗಾಡಿ ಹೊಡೀತೀನಿ. ಜೀವ ಕೈಯಾಗ ಹಿಡ್ಕೊಂಡು ಮನಿಗೆ ಬಂದ್ರ ಅಕಿ 'ಇವತ್ತೇನಾತು' ಅಂತ ಕೇಳ್ತಾಳ. ಹೇಳ್ತೀನಿ. ಅದ್ರಾಗ ನನಗ ದಿನ ಇಳೀತೈತಿ. ಅಕಿ ಇಲ್ಲದ ಮನ್ಯಾಗ ನನಗ ಇರಾಕ ಬರೂದಿಲ್ರಿ. ಅದು ಸುಮ್ಮನ ಗ್ವಾಡಿ, ಮನಿ ಅಲ್ಲ."

ಭುವನೇಶ್ವರಿ ಗಂಡನನ್ನು ಹೊಸಬನನ್ನು ನೋಡಿದ ಹಾಗೆ ನೋಡಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು. ಅವಳ ಕಣ್ಣು ತುಂಬಿತು. ಇನ್ನೇನು "ಹೋಗಂಗಿಲ್ಲ ಬಿಡ್ರಿ" ಎಂದುಬಿಡುತ್ತಾಳೆ ಎಂದು ನನಗೆ ಖಾತ್ರಿಯಾಯಿತು. ಮೇಡಂಗೂ ಹಾಗೇ ಅನ್ನಿಸಿರಬೇಕು. ಕುರ್ಚಿಯಿಂದ ಏಳುತ್ತಾ, "ಇದಕ್ಕ ಹೆದರಿದ್ದೆ ನಾನು. ಒಳ್ಳೇ ಗಂಡ ಇದ್ದಾಗ ಇನ್ನೂ ಕಷ್ಟ" ಎಂದರು.

"ಕುಂದ್ರಿ ಮೇಡಂ" ಎಂದಳು ಭರಮಮ್ಮ. ಒಲೆಯ ಮುಂದಿನಿಂದ ಎದ್ದು ಬಂದಿದ್ದಳು, ಎರಡೂ ಕೈ ಹಿಟ್ಟು. "ನನ್ನ ಮಾತು ಇನ್ನೂ ಆಗಿಲ್ಲ."

ಮಗನ ಕಡೆ ತಿರುಗಿದಳು.

"ಲೇ ಹುಲುಗ್ಯಾ. ಇಕಿನ್ನ ನೋಡಾಕ ಹೋದಾಗ ನಾನು, ನಿಮ್ಮಪ್ಪ, ನಿಮ್ಮ ಮಾವ ಹೋಗಿದ್ವಿ. ಇವರ ಕಡಿಯಿಂದ ಗಂಡಸ್ರು ಬಂದು ನಮ್ಮ ಮನಿ ನೋಡಿದ್ರು. ಹಿತ್ತಲಾ ನೋಡಿದ್ರು, ಎಮ್ಮಿ ನೋಡಿದ್ರು, ನಿನ್ನ ಡ್ರೈವಿಂಗ್ ಲೈಸೆನ್ಸ್ ಸೈತ ತೆಗೆಸಿ ನೋಡಿದ್ರು. ಎಲ್ಲಾರೂ ಎಲ್ಲಾ ನೋಡಿದ್ವಿ. ಹದಿನೆಂಟರ ಹುಡುಗಿ ತಲಿ ಬಗ್ಗಿಸ್ಕೊಂಡು ಕುಂತಿತ್ತು. 'ನಿನಗ ಮನಸ್ಸೈತೇನವ್ವಾ' ಅಂತ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಹೆಣ್ಣಾಗಿ ಕೇಳಲಿಲ್ಲ. ಅವತ್ತು ಅಕಿ ಮನಸ್ಸು ಕೇಳದ ನಡೀತು. ಇವತ್ತು ನಿನ್ನ ಮನಸ್ಸು ಕೇಳದ ನಡೀತೈತಿ. ಸುಮ್ಮನ ಕುಂದ್ರು. ರೊಟ್ಟಿ ನಾನು ಬಡೀತೀನಿ, 'ಇವತ್ತೇನಾತು' ಅಂತ ನಾನ ಕೇಳ್ತೀನಿ."

ಒಲೆಯ ಮೇಲೆ ರೊಟ್ಟಿ ಸೀದ ವಾಸನೆ ಬಂತು, ಯಾರೂ ಏಳಲಿಲ್ಲ.

ಭರಮಮ್ಮ ಸೊಸೆಯ ಹತ್ತಿರ ಹೋದಳು. ಹಿಟ್ಟಿನ ಕೈಯಲ್ಲೇ ಅವಳ ಗದ್ದ ಹಿಡಿದು ಮುಖ ಎತ್ತಿದಳು.

"ನೀನು ಹೋಗಿ ನೋಡಿದ್ಯಲ್ಲ ಆ ಮನಿ. ನಿನ್ನ ಮನಸ್ಸಿಗೆ ಬಂತೇನು?"

ಊರಿಗೆಲ್ಲ ಪ್ರಶ್ನೆ ಕೇಳುವವಳು ಒಂದು ಕ್ಷಣ ಗಂಡನನ್ನು ನೋಡಿದಳು. ಅವನು ಕಣ್ಣೊರೆಸಿಕೊಂಡು, ಹೇಳು ಎನ್ನುವಂತೆ ತಲೆ ಅಲ್ಲಾಡಿಸಿದ.

"ಬಂತು ಅತ್ತಿ" ಎಂದಳು ಭುವನೇಶ್ವರಿ. ತಲೆ ಎತ್ತಿಕೊಂಡೇ ಹೇಳಿದಳು.